ನಾರು, ಹಾಳೆ, ಪುಡಿ: ಪ್ಲಾಸ್ಟಿಕ್ಕಿಗೆ ಬಲ ಬೆರೆಸಿದ ಚರಿತ್ರೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹಳೆಯ ಮಣ್ಣುಗೋಡೆ ಮಳೆಗೆ ಕುಸಿದಿದ್ದರೆ ಅದರ ಒಡೆದ ಅಂಚನ್ನು ಬಗ್ಗಿ ನೋಡಬೇಕು. ಹುಲ್ಲಿನ ಎಳೆಗಳು ಹೊರಕ್ಕೆ ಚಾಚಿರುತ್ತವೆ. ಕೆಲವು ತುಂಡಾಗಿವೆ, ಕೆಲವು ತುಂಡಾಗದೆ ಮಣ್ಣಿನಿಂದ ಕಿತ್ತುಬಂದಿವೆ. ಬಿರುಕು ಹರಡದಿರಲೆಂದು ಹುಲ್ಲು, ಒಣಗುವಾಗ ಕುಗ್ಗದಿರಲೆಂದು ಮರಳು. ಕಾಯಿಸಿದರೆ ಕರಗಿ ಆರಿದರೆ ಗಟ್ಟಿಯಾಗುವ ಥರ್ಮೋಪ್ಲಾಸ್ಟಿಕ್ಕುಗಳಿಗೆ ಏನು ಬೆರೆಸಬೇಕೆಂಬ ವಿದ್ಯೆಯೂ ಇದೇ ಎರಡು ಕೆಲಸಗಳ ಸುತ್ತ ಬೆಳೆಯಿತು. ಬೆರೆಸುವ ವಸ್ತುವಿನ ಬಲಕ್ಕಿಂತ ಅದರ ಆಕಾರ, ಅದು ಪ್ಲಾಸ್ಟಿಕ್ಕಿಗೆ ಅಂಟುವ ಬಗೆ ಇವೇ ಆಯ್ಕೆಯನ್ನು ನಿರ್ಧರಿಸಿವೆ ಎಂಬುದು ಈ ಲೇಖನದ ವಾದ.

ಆಕಾರಗಳನ್ನು ಕಲಿಯಲು ಈ ಸೀಮೆಯ ನೆಲವೇ ಸಾಕು. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾಯಿತು. ಮುಂದೆ ಭೂವಿಜ್ಞಾನಿಗಳು 300 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳ ಒಂದು ಸಮೂಹಕ್ಕೆ ಇದೇ ಸೀಮೆಯ ಸರಗೂರಿನ ಹೆಸರನ್ನೇ ಇಟ್ಟರು. ಈ ಸಮೂಹದಲ್ಲಿ ಪದರಪದರದ ಟಾಲ್ಕ್ ಇದೆ, ಪಟ್ಟಿಯಂಥ ಹರಳುಗಳ ಕಯನೈಟ್ ಇದೆ, ಗ್ರಾಫೈಟ್ ಇದೆ. ಟಾಲ್ಕ್ ಎಂದರೆ ನಮ್ಮ ಬಳಪದ ಕಲ್ಲಿನ ಮೆದು ಗುಣಕ್ಕೆ ಕಾರಣವಾದ ಖನಿಜ. ಉಗುರಲ್ಲಿ ಗೀರಿದರೆ ಸಾಬೂನಿನಂತೆ ಜಾರುವ ಪುಡಿ ಬೆರಳಿಗೆ ಹತ್ತುತ್ತದೆ. ಅದರ ಕಣಗಳು ಪುಟ್ಟ ಹಾಳೆಗಳು. ಅಭ್ರಕವೂ ಹಾಳೆಯೇ, ಅದನ್ನು ಕಾಗೆಬಂಗಾರ ಎಂದವರು ನಾವು. ಆಸ್ಬೆಸ್ಟಾಸ್‌ಗಂತೂ ಕನ್ನಡದ ಕಲ್ನಾರು ಎಂಬ ಹೆಸರಲ್ಲೇ ಆಕಾರ ಅಡಗಿದೆ.

ಈ ಖನಿಜಗಳಿಗೆ ಜೊತೆಯಾದ ಗಾಜಿನ ನಾರು ಕಾರ್ಖಾನೆಯಲ್ಲಿ ಹೇರಳವಾಗಿ ತಯಾರಾದದ್ದು 1930ರ ದಶಕದ ಅಮೆರಿಕದಲ್ಲಿ. ಓವೆನ್ಸ್-ಕಾರ್ನಿಂಗ್ ಕಂಪನಿ 1938ರಲ್ಲಿ ಹುಟ್ಟಿತು. 1954ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಪಾಲಿಪ್ರೊಪಿಲೀನ್ ತಯಾರಿಸಿದ ಮೇಲೆ ಅಗ್ಗದ ಈ ಪ್ಲಾಸ್ಟಿಕ್ಕಿಗೆ ಬಿಗುವು ತರುವ ಹುಡುಕಾಟ ಜೋರಾಯಿತು. ಕಲ್ನಾರನ್ನೂ ಬೆರೆಸಿದರು. ಅಷ್ಟರಲ್ಲೇ, 1960ರಲ್ಲಿ, ರೋಗವಿಜ್ಞಾನಿ ವ್ಯಾಗ್ನರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕದ ಕಲ್ನಾರು ಗಣಿ ಸೀಮೆಯಲ್ಲಿ ಎದೆಗೂಡಿನ ಒಳಪೊರೆಯ ಕ್ಯಾನ್ಸರಿಗೂ ಈ ನಾರಿಗೂ ಇರುವ ನಂಟನ್ನು ತೋರಿಸಿದ್ದರು. ಗುಣದಲ್ಲಿ ಯಾವ ಕೊರತೆಯೂ ಇಲ್ಲದ ವಸ್ತು ಉಸಿರಿನ ಕಾರಣಕ್ಕೆ ಕೈಬಿಟ್ಟುಹೋಯಿತು. ಹಾಗೆ ಆಗಲೇಬೇಕಿತ್ತು.

ಉಳಿದದ್ದು ಮುಖ್ಯವಾಗಿ ಗಾಜು ಮತ್ತು ಟಾಲ್ಕ್. ಇವೆರಡರ ಅಂತರ ಅಳೆಯಲು ಆರಂಭದಲ್ಲಿ ಹೇಳಿದ ನಾಲ್ಕೂ ತಾಲ್ಲೂಕುಗಳಿಗೆ ಗೊತ್ತಿರುವ ಕಾವೊಂದಿದೆ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಎಲೆಯ ದಂಟು ಒಣಗಿಸುವ ಕೊನೆಯ ಹಂತದ ಶಾಖ ಸುಮಾರು 70 ಡಿಗ್ರಿ ಸೆಲ್ಸಿಯಸ್. ಏನೂ ಬೆರೆಸದ ಪಾಲಿಪ್ರೊಪಿಲೀನ್, ಪ್ರಮಾಣಿತ ಪರೀಕ್ಷೆಯ ಭಾರ ಹೇರಿದಾಗ, 60 ಡಿಗ್ರಿಯ ಆಸುಪಾಸಿನಲ್ಲೇ ಬಾಗಿಬಿಡುತ್ತದೆ. ನೂರಕ್ಕೆ 40 ಪಾಲು ಟಾಲ್ಕ್ ಬೆರೆಸಿದರೆ ಬ್ಯಾರನ್ನಿನ ಕಾವನ್ನು ಅಂಚಿನಲ್ಲಿ ದಾಟುತ್ತದೆ. 30 ಪಾಲು ಗಾಜಿನ ನಾರು, ಜೊತೆಗೆ ಸರಿಯಾದ ಅಂಟು ಇದ್ದರೆ, 140 ಡಿಗ್ರಿಯವರೆಗೂ ನಿಲ್ಲುತ್ತದೆ.

ಹಾಗೆಂದು ಎಲ್ಲಕ್ಕೂ ಗಾಜು ಹಾಕುವುದು ತಪ್ಪು. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಹರಿದ ದಿಕ್ಕಿಗೆ ನಾರು ಮಲಗುತ್ತದೆ. ಆ ದಿಕ್ಕಿನಲ್ಲಿ ವಸ್ತು ಕಡಿಮೆ ಕುಗ್ಗಿ, ಅಡ್ಡಕ್ಕೆ ಹೆಚ್ಚು ಕುಗ್ಗಿ, ಚಪ್ಪಟೆ ಮುಚ್ಚಳ ಸೊಟ್ಟಗಾಗುತ್ತದೆ. ಅಲ್ಲಿ ಟಾಲ್ಕಿನ ಹಾಳೆಗಳೇ ಲೇಸು. ಸಿಕ್ಕಿದ ಬಳಪದ ಕಲ್ಲನ್ನು ಪುಡಿ ಮಾಡಿ ಸುರಿಯುವಂತೆಯೂ ಇಲ್ಲ. ಖನಿಜದ ಜೊತೆ ಬರುವ ಕಬ್ಬಿಣದ ಅಂಶ, ಬಹುಕಾಲ ಕಾವಿನಲ್ಲಿರುವ ಪಾಲಿಪ್ರೊಪಿಲೀನನ್ನು ಬೇಗ ಪೆಡಸಾಗಿಸುತ್ತದೆ. ಅಂಟಿನ ಮಾತು ಇನ್ನೂ ಸೂಕ್ಷ್ಮ. ಗಾಜಿಗೆ ಸಿಲೇನ್ ಲೇಪ, ಪಾಲಿಪ್ರೊಪಿಲೀನಿಗೆ ಮೆಲೆಯಿಕ್ ಆನ್‌ಹೈಡ್ರೈಡ್ ಕಸಿ ಮಾಡಿದ ಜೊತೆಗಾರ ಇಲ್ಲದಿದ್ದರೆ ನಾರು ತುಂಡಾಗುವ ಮುಂಚೆಯೇ ಕಿತ್ತುಬರುತ್ತದೆ, ಮಣ್ಣುಗೋಡೆಯ ಹುಲ್ಲಿನಂತೆ.

ಒಳಗೆ ಯಾವುದಿದೆ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ತುಂಡನ್ನು ಮೂಸೆಯಲ್ಲಿಟ್ಟು 600 ಡಿಗ್ರಿಯಷ್ಟು ಕಾವಿನ ಕುಲುಮೆಯಲ್ಲಿ ಸುಡುತ್ತಾರೆ. ಪ್ಲಾಸ್ಟಿಕ್ ಉರಿದುಹೋಗುತ್ತದೆ. ಟಾಲ್ಕ್ ಇದ್ದರೆ ಮುಟ್ಟಿದೊಡನೆ ಉದುರುವ ಪುಡಿ. ಗಾಜಿದ್ದರೆ ಬಿಳಿ ನಾರಿನ ಹೆಣಿಗೆಯೊಂದು, ಸುಟ್ಟುಹೋದ ತುಂಡಿನದೇ ಆಕಾರದಲ್ಲಿ, ಮೂಸೆಯ ತಳದಲ್ಲಿ ನಿಂತಿರುತ್ತದೆ.