ಉಪ್ಪು ಹೋಗುವ ದಾರಿ

ಕಡಲ ನೀರನ್ನು ಕಾಸಿ, ಆವಿ ತಣಿಸಿದರೆ ಕುಡಿಯುವ ನೀರು ಸಿಗುತ್ತದೆಂಬುದು ಹಡಗಿನವರಿಗೆ ಎಂದೋ ಗೊತ್ತಿತ್ತು. ಆದರೆ ಅದಕ್ಕೆ ಸೌದೆ ಎಷ್ಟು ಬೇಕು! ಒಲೆಯಿಲ್ಲದೆ ಆ ಕೆಲಸ ಮಾಡುವ ತೆಳು ಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿದ್ಧಪಡಿಸಿದವರು ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್. 1965ರಲ್ಲಿ ಅಲ್ಲಿಯ ಕೋಲಿಂಗಾ ಎಂಬ ಸಣ್ಣ ಊರಿನ ಜನ ತಮ್ಮ ಸವುಳು ಬಾವಿಯ ನೀರನ್ನು ಇಂಥ ಪೊರೆಯಲ್ಲಿ ಸೋಸಿ ಕುಡಿದರು.

ಈಗ ನಮ್ಮ ಕಾಮಾಕ್ಷಿಪಾಳ್ಯದ ಅಡುಗೆಮನೆಗಳ ಗೋಡೆಯ ಮೇಲೂ ಆ ಪೊರೆಯ ಸಂತತಿಯೇ ಕೂತಿದೆ. ಫಿಲ್ಟರಿನಿಂದ ಸಿಂಕಿಗೆ ಇಳಿಬಿಟ್ಟ ಸಣ್ಣ ಪೈಪನ್ನು ನೀವೂ ನೋಡಿರುತ್ತೀರಿ. ಒಂದು ಕೊಡ ಕುಡಿಯುವ ನೀರಿಗೆ ಎರಡು ಮೂರು ಕೊಡ ಅದರಲ್ಲಿ ಹರಿದುಹೋಗುತ್ತದೆ. ನಾನು ಅದನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸುತ್ತೇನೆ, ತುಳಸಿಗೆ ಮಾತ್ರ ಹಾಕುವುದಿಲ್ಲ. ಪೊರೆ ತಡೆದ ಉಪ್ಪೆಲ್ಲ ಅದರಲ್ಲೇ ಇರುತ್ತದಲ್ಲ!

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಎರಡು ಕೊಡದಿಂದ ಒಂದು ಕೊಡ ಸಿಹಿನೀರು ತೆಗೆದರೆ ಉಳಿದ ಕೊಡದಲ್ಲಿ ಲೀಟರಿಗೆ 70 ಗ್ರಾಂ. ಭಾರವಾದ ಆ ನೀರು ದಡದ ಬಳಿ ತಳಕ್ಕಿಳಿದರೆ ಅಲ್ಲಿಯ ಜೀವಿಗಳಿಗೆ ಸಂಕಟ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಬೇರೆ ಉಪಾಯ ಹೂಡಿತು. ಗಾಳಿ ಹೀರಿ ತೆಗೆದ ಪಾತ್ರೆಯಲ್ಲಿ ಕಡಲ ಮೇಲಿನ ಬೆಚ್ಚನೆಯ ನೀರು ಬೆಂಕಿಯಿಲ್ಲದೆ ಆವಿಯಾಗುತ್ತದೆ. ಆಳದಿಂದ ಎತ್ತಿದ ತಣ್ಣೀರು ಆ ಆವಿಯನ್ನು ತಣಿಸುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರ್. ಆವಿಯಾಗುವುದು ಸ್ವಲ್ಪ ಭಾಗ ಮಾತ್ರವಾದ್ದರಿಂದ ಕಡಲಿಗೆ ಮರಳುವ ನೀರು ಹೆಚ್ಚು ಉಪ್ಪಾಗುವುದಿಲ್ಲ. ಪಂಪುಗಳಿಗೆ ಕರೆಂಟು ಮಾತ್ರ ದ್ವೀಪದ ಡೀಸೆಲ್ ಜನರೇಟರುಗಳಿಂದಲೇ ಬರಬೇಕಾಯಿತು. ಹೊಗೆ ತಪ್ಪಲಿಲ್ಲ.

ನಮ್ಮ ಬಯಲುಸೀಮೆಯ ಹಳ್ಳಿಗಳಿಗೆ ಕಡಲು ಬಲು ದೂರ, ಆದರೂ ಕಥೆ ಅದೇ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಕೊಳವೆಬಾವಿ ಆಳಕ್ಕಿಳಿದಂತೆ ಫ್ಲೋರೈಡ್ ಕಾಟ ಹೆಚ್ಚಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮೊದಲು ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಯೇ ಬಿಗಿಯುತ್ತದೆ. ಪಾವಗಡದ ಕಡೆಯಿಂದ ಬಂದು ನನ್ನ ತರಗತಿಗೆ ಸೇರಿದ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು. ಆದ್ದರಿಂದ ಸರ್ಕಾರ ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕ ಇಟ್ಟದ್ದನ್ನು ನಾನಂತೂ ಹಳಿಯಲಾರೆ. ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಂಡು ಹೋಗುವ ತಾಯಿಗೆ ಅದು ದೊಡ್ಡ ಆಸರೆ.

ಆದರೆ ಘಟಕದ ಹಿಂದೆ ಹೋಗಿ ನೋಡುವವರು ಕಡಿಮೆ. ಅರ್ಧ ನೀರು ಸೋಸಿ ಬಂದರೆ, ಉಳಿದರ್ಧದಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ಎಷ್ಟೋ ಕಡೆ ಅದನ್ನು ಪಕ್ಕದ ಚರಂಡಿಗೋ ಗುಂಡಿಗೋ ಬಿಡುತ್ತಾರೆ. ದನಕರು ಕುಡಿಯುತ್ತವೆ, ಮಿಕ್ಕದ್ದು ನೆಲಕ್ಕಿಂಗುತ್ತದೆ. ಅದೇ ನೆಲದಲ್ಲೇ ಕೊಳವೆಬಾವಿಯೂ ಇದೆ! ತಳ ಇಂಗದಂತೆ ಗಾರೆ ಮಾಡಿದ ತೊಟ್ಟಿಯಲ್ಲಿ ಅದನ್ನು ಬಿಸಿಲಿಗೆ ಒಣಗಿಸಬಹುದು, ಆದರೆ ತಳದಲ್ಲಿ ಕೂತ ಉಪ್ಪನ್ನು ಆಮೇಲೆ ಯಾರಾದರೂ ಬಳಿದು ಸಾಗಿಸಬೇಕು. ಮಳೆನೀರಿನಲ್ಲಿ ಫ್ಲೋರೈಡಿನ ಕಾಟವಿಲ್ಲ. ಶಾಲೆಯ ಮಾಡಿನ ನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಮಕ್ಕಳ ಕುಡಿಯುವ ನೀರಿನ ಮಟ್ಟಿಗಾದರೂ ಈ ಪೊರೆಯ ಕೆಲಸ ಕಡಿಮೆಯಾಗುತ್ತದೆ. ಚರಂಡಿಗೆ ಬಿಡುವ ನೀರೂ ಅಷ್ಟು ಕಡಿಮೆ.