ಮೈಸೂರಿನ ಕೈತೋಟ: ತರಕಾರಿ ಬಿತ್ತುವ ಕಾಲ

ಮೈಸೂರಿನ ಹಿತ್ತಿಲು, ಅಂಗಳ, ತಾರಸಿಗಳಲ್ಲಿ ಯಾವ ತರಕಾರಿಯನ್ನು ಯಾವಾಗ ಬಿತ್ತಬೇಕೆಂಬುದನ್ನು ಚಳಿಗಿಂತ ಹೆಚ್ಚಾಗಿ ಮಳೆಯೇ ತೀರ್ಮಾನಿಸುತ್ತದೆ. ಸುಮಾರು 770 ಮೀಟರ್ ಎತ್ತರದಲ್ಲಿರುವ ಈ ಊರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಅದು ಜೋರಾಗುವುದು ಎರಡು ಸಲ: ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ನಡುವಿನ ತಿಂಗಳುಗಳಲ್ಲಿ ಪಶ್ಚಿಮಘಟ್ಟದ ಮಳೆನೆರಳಿನಿಂದಾಗಿ ಹೆಚ್ಚಾಗಿ ತುಂತುರೇ. ಆದ್ದರಿಂದ ಕರಾವಳಿಯ ಲೆಕ್ಕ ಇಲ್ಲಿಗೆ ಒಗ್ಗುವುದಿಲ್ಲ.

ಮೇ ಮಳೆಗೆ ನೆಲ ಹದವಾದ ಮೇಲೆ, ರೋಹಿಣಿ–ಮೃಗಶಿರ ಮಳೆಯ ಹೊತ್ತಿಗೆ, ಬೆಂಡೆ, ಹೀರೆ, ಹಾಗಲ, ಪಡವಲದ ಬೀಜ ಊರಬಹುದು. ಬದನೆ, ಮೆಣಸಿನಕಾಯಿಯನ್ನು ಒಟ್ಲು ಪಾತಿಯಲ್ಲಿ ಬೆಳೆಸಿ, ನಾಲ್ಕೈದು ವಾರದ ಸಸಿ ಕಿತ್ತು ಸಂಜೆ ಹೊತ್ತು ನೆಡಬೇಕು. ನುಗ್ಗೆ ಕೊಂಬೆ ನೆಡಲೂ ಇದೇ ಕಾಲ. ಬೂದುಗುಂಬಳ ಬಲಿತು ಬೂದಿ ಕೂರಲು ಸುಮಾರು ನಾಲ್ಕು ತಿಂಗಳು ಬೇಕು. ಆಯುಧಪೂಜೆಗೆ ಮನೆಯದೇ ಕಾಯಿ ಬೇಕೆಂದರೆ ಜೂನ್ ಮೊದಲ ವಾರ ದಾಟಿಸಬಾರದು.

ಅವರೆಯ ವಿಷಯ ಬೇರೆ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ ಮಾತ್ರ. ಮೇನಲ್ಲೇ ಬಿತ್ತಿದರೆ ಬಳ್ಳಿ ಸೊಕ್ಕಿ ಬೆಳೆಯುತ್ತದೆ, ಕಾಯಿಗೆ ಚಳಿಗಾಲದವರೆಗೂ ಕಾಯಬೇಕು. ಜುಲೈ–ಆಗಸ್ಟ್‌ನಲ್ಲಿ ಬಿತ್ತಿದ್ದು ಮಾಗಿಯ ಮಂಜಿಗೆ ಸರಿಯಾಗಿ ಸೊಗಡು ತುಂಬಿಕೊಂಡು ಬರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳಿಗೆ ಹಗಲಿನ ಕಟ್ಟಿಲ್ಲ, ವರ್ಷವಿಡೀ ಬೆಳೆಯಬಹುದು. ಆದರೂ ಹಿದುಕವರೆಯ ರುಚಿ ಬಲ್ಲವರು ನಾಟಿ ಬೀಜವನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.

ಟೊಮೆಟೊವನ್ನು ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ಸಿಗದಂತೆ ನೋಡಿಕೊಳ್ಳಬೇಕು. ಎಲೆ ಒದ್ದೆಯಾಗಿಯೇ ಇದ್ದರೆ ಅಂಗಮಾರಿ ತಗಲುತ್ತದೆ. ಅಕ್ಟೋಬರ್‌ನಲ್ಲಿ ಪಾತಿಗೆ ಬೀಜ ಹಾಕಿ, ಮಳೆ ಹಿಂದೆಗೆದ ಮೇಲೆ ನವೆಂಬರ್‌ನಲ್ಲಿ ಸಸಿ ನೆಟ್ಟರೆ ಫಸಲು ನಂಬಬಹುದು. ಎಲೆಕೋಸು, ಹೂಕೋಸು, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಬಟಾಣಿ ಎಲ್ಲವೂ ಈ ತಂಪಿನ ಬೆಳೆಗಳೇ. ಕ್ಯಾರೆಟ್, ಮೂಲಂಗಿಯನ್ನು ಕಿತ್ತು ನೆಡದೆ ಇದ್ದಲ್ಲೇ ಬಿತ್ತಬೇಕು, ಇಲ್ಲವಾದರೆ ಗೆಡ್ಡೆ ಕವಲೊಡೆಯುತ್ತದೆ.

ಮೆಂತ್ಯ, ದಂಟಿನ ಸೊಪ್ಪನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತುತ್ತಿದ್ದರೆ ಅಡುಗೆಮನೆಗೆ ಕೊರತೆಯಾಗದು. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು. ಮಾರ್ಚ್–ಏಪ್ರಿಲ್ ಬಿಸಿಲಿಗೆ ಅದು ಬೇಗ ಹೂವಿಗೆ ತಿರುಗುತ್ತದೆ. ಆ ತಿಂಗಳುಗಳಿಗೆ ಜನವರಿ ಕೊನೆಯಲ್ಲೇ ಸೌತೆ, ಸೋರೆ, ಬೆಂಡೆ ಹಾಕಿ, ಬುಡಕ್ಕೆ ತರಗೆಲೆ ಹೊದಿಸಿ, ಬೆಳಗ್ಗೆ ನೀರು ಕೊಡಬೇಕು. ಬೇಸಿಗೆಯ ಬೆಂಡೆಗೆ ಬಿಳಿನೊಣದಿಂದ ಹಳದಿ ನರ ರೋಗ ಹರಡುವುದು ಹೆಚ್ಚು. ಅದನ್ನು ತಾಳಿಕೊಳ್ಳುವ ಅರ್ಕ ಅನಾಮಿಕ ತಳಿ ಆರಿಸಿಕೊಳ್ಳುವುದು ಲೇಸು.