ಬಳ್ಳಾರಿಯ ಗಡಿ ವಿವಾದ ಕಲಿಸುವ ತರ್ಕ



ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ "ಕೆಳಗಿನ ಯಾವ ವಾದವು ಮೇಲಿನ ವಾದವನ್ನು ಹೋಲುತ್ತದೆ?" ಎಂಬ ಪ್ರಶ್ನೆ ಬರುವುದುಂಟು. ವಿಷಯ ಒಂದೇ ಆಗಿದ್ದರೆ ವಾದವೂ ಒಂದೇ ಎಂದು ತಿಳಿದು ಅನೇಕ ವಿದ್ಯಾರ್ಥಿಗಳು ತಪ್ಪು ಉತ್ತರ ಬರೆಯುತ್ತಾರೆ. ನೋಡಬೇಕಾದದ್ದು ವಿಷಯವನ್ನಲ್ಲ, ಆಧಾರದಿಂದ ತೀರ್ಮಾನಕ್ಕೆ ಹೋಗುವ ದಾರಿಯನ್ನು. ಉರ್ದುವಿನಲ್ಲಿ 'ಮಂತಿಕ್' ಎನ್ನುವ ತರ್ಕಶಾಸ್ತ್ರದ ಈ ಪಾಠಕ್ಕೆ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಒಳ್ಳೆಯ ಉದಾಹರಣೆಯಿದೆ.

1953ರಲ್ಲಿ ಮದ್ರಾಸಿನಿಂದ ಆಂಧ್ರ ರಾಜ್ಯವನ್ನು ಬೇರ್ಪಡಿಸುವಾಗ ಬಳ್ಳಾರಿ ಜಿಲ್ಲೆಯ 10 ತಾಲ್ಲೂಕುಗಳು ಎಲ್ಲಿಗೆ ಸೇರಬೇಕೆಂಬ ಪ್ರಶ್ನೆ ಎದ್ದಿತು. ನ್ಯಾಯಮೂರ್ತಿ ವಾಂಛೂ ಅವರ ವರದಿ ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ, ಸಿರುಗುಪ್ಪ ಸೇರಿದಂತೆ 6 ತಾಲ್ಲೂಕುಗಳನ್ನು ಮೈಸೂರಿಗೂ ಸೂಚಿಸಿತು. "ಆಲೂರಿನಲ್ಲಿ ತೆಲುಗರು ಹೆಚ್ಚು, ಆದ್ದರಿಂದ ಆಂಧ್ರಕ್ಕೆ" ಮತ್ತು "ಸಿರುಗುಪ್ಪದಲ್ಲಿ ಕನ್ನಡಿಗರು ಹೆಚ್ಚು, ಆದ್ದರಿಂದ ಮೈಸೂರಿಗೆ" ಎಂಬ ಎರಡನ್ನೂ ಗಮನಿಸಿರಿ. ತೀರ್ಮಾನಗಳು ಬೇರೆ, ವಾದದ ಅಚ್ಚು ಒಂದೇ. ಒಂದನ್ನು ಒಪ್ಪಿದವರು ಇನ್ನೊಂದನ್ನೂ ಒಪ್ಪಲೇಬೇಕು. ಇದೇ ಸಮಾಂತರ ತರ್ಕ.

ಬಳ್ಳಾರಿ ತಾಲ್ಲೂಕಿಗೆ ಈ ಅಚ್ಚು ಹೊಂದಲಿಲ್ಲ, ಏಕೆಂದರೆ ಅಲ್ಲಿ ಯಾವ ಭಾಷೆಯವರೂ ಅರ್ಧಕ್ಕಿಂತ ಹೆಚ್ಚಿರಲಿಲ್ಲ. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಕುರುಗೋಡು ಆಗ ಅದರೊಳಗೇ ಇತ್ತು. ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ನಂತರ ಅದೂ ಮೈಸೂರಿನ ಪಾಲಾಗಿ, 1953ರ ಅಕ್ಟೋಬರ್ 1ರಂದು ಒಟ್ಟು 7 ತಾಲ್ಲೂಕುಗಳು ಮೈಸೂರನ್ನು ಸೇರಿದವು. ಆ ಸಂಭ್ರಮದ ಮುನ್ನಾದಿನ ಸಮಾರಂಭದ ಮಂಟಪವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ಬಲ್ಬ್ ದಾಳಿಗೆ ಬಲಿಯಾದರು. ವಾದ ಸೋತ ಕಡೆ ಹಿಂಸೆ ಹೇಗೆ ತಲೆ ಎತ್ತುತ್ತದೆ ಎಂಬುದಕ್ಕೆ ಅವರ ಹೆಸರು ನಮ್ಮ ಊರಿನಲ್ಲಿ ಸಾಕ್ಷಿಯಾಗಿ ಉಳಿದಿದೆ.

ಆದರೆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 1955ರಲ್ಲಿ ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು, ತುಂಗಭದ್ರಾ ಯೋಜನೆ ರಾಯಲಸೀಮೆಗೆ ಅತ್ಯಗತ್ಯವೆಂಬುದನ್ನು ಮುಖ್ಯವಾಗಿಟ್ಟುಕೊಂಡು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಲು ಶಿಫಾರಸು ಮಾಡಿತು. "ಭಾಷೆಯೊಂದನ್ನೇ ನೋಡಬೇಕು, ಇದು ಅನ್ಯಾಯ" ಎಂದು ನಾವು ಉತ್ತರಿಸಬಹುದೇ? ನಿಧಾನಿಸಿ. ತೆಲುಗು ಮಾತೃಭಾಷೆಯವರು ಹೆಚ್ಚಾಗಿದ್ದ ಕೋಲಾರ ಜಿಲ್ಲೆಯನ್ನು ಅದೇ ಆಯೋಗ ಕರ್ನಾಟಕದಲ್ಲೇ ಉಳಿಸಿತು. "ಭಾಷೆಯೊಂದೇ ನಿರ್ಣಾಯಕವಲ್ಲ" ಎಂಬ ಆಧಾರ ಎರಡೂ ಕಡೆ ಇದೆ. ಕೋಲಾರಕ್ಕೆ ಅದನ್ನು ಒಪ್ಪಿ, ಬಳ್ಳಾರಿಗೆ ಮಾತ್ರ ನಿರಾಕರಿಸಿದರೆ ತಕ್ಕಡಿ ವಾಲುತ್ತದೆ.

ಹಾಗಾದರೆ ಸರಿಯಾದ ಉತ್ತರ ಯಾವುದು? ಅದೇ ಅಚ್ಚನ್ನು ಬೇರೆ ಕಡೆ ಇಟ್ಟು ನೋಡಿರಿ. "ಕಾವೇರಿ ನೀರು ತಂಜಾವೂರಿಗೆ ಅತ್ಯಗತ್ಯ, ಆದ್ದರಿಂದ ಕನ್ನಂಬಾಡಿ ಅಣೆಕಟ್ಟೆಯ ಸುತ್ತಲಿನ ನಾಡು ಮದ್ರಾಸಿಗೆ ಸೇರಬೇಕು" ಎಂದರೆ ಯಾರೂ ಒಪ್ಪುವುದಿಲ್ಲ. ನೀರಿನ ಅಗತ್ಯದಿಂದ ನೀರಿನ ಪಾಲು ಸಿದ್ಧವಾಗುತ್ತದೆಯೇ ಹೊರತು ಭೂಮಿಯ ಒಡೆತನವಲ್ಲ. ಆಯೋಗ ಆಡಳಿತದ ಅನುಕೂಲವನ್ನೂ ಎಣಿಸಿತ್ತು ನಿಜ. ಆದರೆ ಎರಡೂ ರಾಜ್ಯಗಳ ಹಿತ ಕಾಯಲು 1953ರಲ್ಲೇ ತುಂಗಭದ್ರಾ ಮಂಡಳಿ ರಚನೆಯಾಗಿತ್ತು. ಜಂಟಿ ವ್ಯವಸ್ಥೆ ಸಾಧ್ಯವಿದ್ದಾಗ ಗಡಿ ಬದಲಿಸುವ ಅಗತ್ಯ ಎಲ್ಲಿದೆ? ಈ ಉತ್ತರದಿಂದ ಕೋಲಾರದ ವಾದಕ್ಕೂ ಧಕ್ಕೆಯಿಲ್ಲ.

ಕೇಂದ್ರ ಸರ್ಕಾರ ಆ ಶಿಫಾರಸನ್ನು ಅಂಗೀಕರಿಸಲಿಲ್ಲ. 1956ರ ನವೆಂಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೈಸೂರು ರಾಜ್ಯದಲ್ಲೇ ಉಳಿದವು. ಬಲದಂಡೆ ಕಾಲುವೆಗಳು ಇಂದಿಗೂ ನಮ್ಮ ಜಿಲ್ಲೆಯನ್ನು ಹಾದು ಕರ್ನೂಲು, ಅನಂತಪುರಗಳ ಕಡೆಗೆ ಹರಿಯುತ್ತಿವೆ.

ವಿದ್ಯಾರ್ಥಿ ಮಿತ್ರರೇ, ನಿಮಗೆ ಹಿಡಿಸಿದ ವಾದ ಕೇಳಿದಾಗ ಹೆಸರುಗಳನ್ನು ತೆಗೆದು ಎದುರಾಳಿಯ ಹೆಸರು ಹಾಕಿ ನೋಡಿರಿ. ಆಗಲೂ ಒಪ್ಪುವಿರಾದರೆ ಅದನ್ನು ಧೈರ್ಯವಾಗಿ ಹೇಳಿರಿ. ಇಲ್ಲವಾದರೆ ಅದು ತರ್ಕವಲ್ಲ, ಬರಿಯ ಪಕ್ಷಪಾತ.